ನಾಲ್ಕು ಸಿನಿಮಾ, ಒಂದು ತಾರಸಿ

ಮೇ ತಿಂಗಳಲ್ಲಿ ನಾನು ನಾಲ್ಕು ಸಿನಿಮಾ ನೋಡಿದೆ. ಒಂದರಲ್ಲೂ ಕೊನೆಗೆ ಏನಾಯಿತೆಂದು ನನಗೆ ಗೊತ್ತಿಲ್ಲ. ಒಂದರಲ್ಲಿ ನಾಯಕನ ತಂಗಿಯನ್ನು ಯಾರೋ ಹೊತ್ತುಕೊಂಡು ಹೋದರು, ಸಿಕ್ಕಿದಳೋ ಇಲ್ಲವೋ. ಇನ್ನೊಂದರಲ್ಲಿ ಕೊಲೆಯಾಯಿತು, ಕೊಂದವರು ಯಾರೆಂಬುದು ನನ್ನ ಮಟ್ಟಿಗೆ ಈಗಲೂ ತನಿಖೆಯ ಹಂತದಲ್ಲಿದೆ. ಇದಕ್ಕೆಲ್ಲ ಕಾರಣ, ಮೈಸೂರಿನ ಬೋಗಾದಿಯಿಂದ ಆಚೆ, ಮೂವತ್ತು ನಲವತ್ತರ ನಿವೇಶನದಲ್ಲಿ ಸೆಂಟ್ರಿಂಗ್ ಕಂಬಗಳ ಮೇಲೆ ಅಂಗಾತ ಮಲಗಿ ದಿನಕ್ಕೆರಡು ಹೊತ್ತು ನೀರು ಕುಡಿಯುತ್ತಿದ್ದ ನನ್ನ ಮನೆಯ ತಾರಸಿ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ನೋಡು’ ಎಂಬುದನ್ನು ಎರಡು ಸಲ ಹೇಳಿದ್ದಾರೆ. ಸಿನಿಮಾ ನೋಡು ಎಂದು ಎಲ್ಲೂ ಹೇಳಿಲ್ಲ. ನಾನು ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು.

ನಮ್ಮ ಮೇಸ್ತ್ರಿಯವರ ಪರಿಚಯವನ್ನು ಮೊದಲು ಮಾಡಿಕೊಡುತ್ತೇನೆ. ಐವತ್ತರ ಆಸುಪಾಸು, ಕಿವಿಯ ಮೇಲೆ ಮೊಂಡು ಪೆನ್ಸಿಲ್, ಸೊಂಟದಲ್ಲಿ ಟೇಪು. ತೂಕದ ಗುಂಡು ಇಳಿಬಿಟ್ಟು ಒಂದು ಕಣ್ಣು ಮುಚ್ಚಿ ನೋಡಿದರೆ, ಗೋಡೆ ನೂಲಿನಷ್ಟು ವಾಲಿದ್ದರೂ ಹೇಳಿಬಿಡುತ್ತಾರೆ. ಆ ಗೋಡೆ ಕಟ್ಟಿದವರು ಯಾರೆಂದು ಕೇಳಿದರೆ ಮಾತ್ರ ಹೇಳುವುದಿಲ್ಲ. ಅವರ ಬತ್ತಳಿಕೆಯಲ್ಲಿ ಎರಡೇ ಬಾಣಗಳಿವೆ. ಒಂದು, ‘ನಾಳೆ ಸಾರ್.’ ಇನ್ನೊಂದು, ‘ಪ್ಲಾಸ್ಟರಿನಲ್ಲಿ ಸರಿಹೋಗುತ್ತದೆ ಸಾರ್.’ ಕಿಟಕಿ ಒಂದು ಅಂಗುಲ ಮೇಲೆ ಹೋಗಿದೆಯಲ್ಲ ಎಂದರೆ ಪ್ಲಾಸ್ಟರಿನಲ್ಲಿ ಸರಿಹೋಗುತ್ತದೆ. ಅಡುಗೆಮನೆಯ ಮೂಲೆ ಮೂಲೆಯಂತೆ ಇಲ್ಲವಲ್ಲ ಎಂದರೂ ಅದೇ. ನಾನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಾ ಬಂದೆ. ಪ್ಲಾಸ್ಟರಿನಲ್ಲಿ ಸರಿಹೋಗಬೇಕಾದವು ಏಪ್ರಿಲ್ ಕೊನೆಗೆ 17 ಆಗಿದ್ದವು. ಒಳಗೋಡೆಯ ಪ್ಲಾಸ್ಟರ್ ಇರುವುದೇ ಅರ್ಧ ಅಂಗುಲ ದಪ್ಪ. ಇಷ್ಟೆಲ್ಲ ತಪ್ಪುಗಳು ಅಷ್ಟರೊಳಗೆ ಹೇಗೆ ಹಿಡಿಸುತ್ತವೆಂದು ನಾನು ರಾತ್ರಿ ಲೆಕ್ಕ ಹಾಕುತ್ತಿದ್ದೆ.

ಮೊದಲ ಸಿನಿಮಾ ಮೊಬೈಲಿನದು. ಮೋಲ್ಡ್ ಹಾಕುವ, ಎಂದರೆ ತಾರಸಿಗೆ ಕಾಂಕ್ರೀಟು ಸುರಿಯುವ ದಿನದ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಮಳೆ ಬಂದರೆ ಏನು ಗತಿ? ಮೈಸೂರಿನಲ್ಲಿ ಮೇ ತಿಂಗಳ ಸಂಜೆ ಗುಡುಗಿದರೆ ಸುಮ್ಮನೆ ಗುಡುಗಿ ಹೋಗುವ ಪೈಕಿಯಲ್ಲ. ಮನಸ್ಸನ್ನು ಬೇರೆ ಕಡೆ ತಿರುಗಿಸೋಣವೆಂದು ಹಾಸಿಗೆಯಲ್ಲೇ ಸಿನಿಮಾ ಹಚ್ಚಿದೆ. ಬಾರದ ನಿದ್ದೆ ಬಂದದ್ದು ಸರಿಯಾಗಿ ನಾಯಕನ ತಂಗಿಯನ್ನು ವ್ಯಾನಿಗೆ ತಳ್ಳುವಾಗ. ಎದ್ದಾಗ ಐದೂವರೆ, ಮೊಬೈಲಿನಲ್ಲಿ ಜೀವವಿಲ್ಲ. ಆ ಸತ್ತ ಮೊಬೈಲಿಗೆ ಮೇಸ್ತ್ರಿ ಏಳು ಸಲ ಕರೆ ಮಾಡಿದ್ದರಂತೆ. ನನಗೆ ಪರಿಚಯವಾದ ಲಾಗಾಯ್ತು ಮೊದಲ ಬಾರಿಗೆ ಅವರು ಹೇಳಿದ ಹೊತ್ತಿಗಿಂತ ಮುಂಚೆ ಬಂದು ನಿಂತಿದ್ದರು. ಮನೆಯ ಯಜಮಾನನೇ ನಾಪತ್ತೆ. ಆ ಒಂದು ಬೆಳಗ್ಗೆಯ ಬಡ್ಡಿಯನ್ನು ಅವರು ತಿಂಗಳಿಡೀ ವಸೂಲು ಮಾಡಿದರು. ಮೂರು ದಿನ ಯಾಕೆ ಬರಲಿಲ್ಲ ಎಂದು ಕೇಳಿದರೂ ‘ಅವತ್ತು ಮೋಲ್ಡ್ ದಿನ ನೀವು...’ ಎಂದು ಶುರು ಮಾಡುತ್ತಿದ್ದರು.

ಮೋಲ್ಡ್ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕಟ್ಟಿಸಿದವರಿಗೆಲ್ಲ ಗೊತ್ತಿರುವುದೇ. ಬೂದುಗುಂಬಳಕಾಯಿ ಒಡೆದದ್ದಾಯಿತು. ಮಿಕ್ಸರ್ ಯಂತ್ರ ಗಡಗಡಿಸಿತು. ಒಂಬೈನೂರು ಚದರ ಅಡಿಗೆ ಐದು ಅಂಗುಲ ದಪ್ಪದಂತೆ 85 ಚೀಲ ಸಿಮೆಂಟು ಮಧ್ಯಾಹ್ನ ಮೂರರ ಹೊತ್ತಿಗೆ ಮಾಯವಾಯಿತು. ಇಂಜಿನಿಯರ್ ಹನ್ನೊಂದಕ್ಕೆ ಬಂದು, ಕಂಬಿಯ ಮೇಲೆ ಎರಡು ಹೆಜ್ಜೆ ನಡೆದು, ಮೊಬೈಲಿನಲ್ಲಿ ತಮ್ಮದೇ ಒಂದು ಫೋಟೊ ತೆಗೆಸಿಕೊಂಡು ಹೋದರು. ಆ ದಿನದ ಊಟ ಮನೆಯವರದು ಎಂಬುದು ರೂಢಿ. ಇಪ್ಪತ್ತು ಜನ ಎಂದಿದ್ದರು ಮೇಸ್ತ್ರಿ. ಎಲೆ ಹಾಕಿದಾಗ 34 ಜನ ಕೂತಿದ್ದರು. ಅವರಲ್ಲಿ ಒಬ್ಬರು ಮೂರನೆಯ ಬೀದಿಯಲ್ಲಿ ಇನ್ನೊಬ್ಬರ ಮನೆಗೆ ಬಣ್ಣ ಹೊಡೆಯುತ್ತಿದ್ದವರೆಂದು ಆಮೇಲೆ ತಿಳಿಯಿತು. ‘ಪಾಯಸ ಚೆನ್ನಾಗಿತ್ತು, ಗೃಹಪ್ರವೇಶಕ್ಕೂ ಇದೇ ಭಟ್ಟರನ್ನು ಕರೆಯಿರಿ’ ಎಂದು ಸಲಹೆ ಕೊಟ್ಟು ಹೋದರು. ಮಳೆ ಬರಲಿಲ್ಲ.

ಇನ್ನು ಒಂದು ತಿಂಗಳು ನನಗೆ ರಜೆ, ಅದು ಒಣಗುತ್ತಿರಲಿ ಎಂದೆ. ಇಂಜಿನಿಯರ್ ನನ್ನನ್ನು, ಪರೀಕ್ಷೆಯಲ್ಲಿ ಹೆಸರು ತಪ್ಪು ಬರೆದ ಹುಡುಗನನ್ನು ನೋಡುವಂತೆ ನೋಡಿದರು. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಸಿಮೆಂಟಿಗೂ ನೀರಿಗೂ ಒಳಗೊಳಗೇ ರಾಸಾಯನಿಕ ಕ್ರಿಯೆ ನಡೆದಷ್ಟೂ ಬಲ ಕೂಡುತ್ತದೆ. ಮೊದಲ 7 ದಿನಕ್ಕೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ಪೂರ್ತಿ ಬಲದ ಲೆಕ್ಕ ಹಿಡಿಯುವುದು 28ನೇ ದಿನಕ್ಕೆ. ನಡುವೆ ಬಾಯಾರಿತೋ, ಬಿರುಕು. ಅದೂ ಮೇ ತಿಂಗಳ ಬಿಸಿಲು. ‘21 ದಿನ ತಪ್ಪಿಸಬೇಡಿ’ ಎಂದರು. ಬಾಣಂತಿಯ ಆರೈಕೆಯನ್ನು ಹೇಳಿದ ಹಾಗಿತ್ತು.

ಈ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ 1824ರಲ್ಲಿ ಪೇಟೆಂಟ್ ಪಡೆದ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬಾತನೂ ಇಟ್ಟಿಗೆ ಗಾರೆಯ ಕೆಲಸದವನೇ. ಪೇಟೆಂಟ್ ಕಚೇರಿಯವರು ಬಾ ಎಂದ ದಿನವೇ ಹೋದನೋ, ‘ನಾಳೆ ಸಾರ್’ ಎಂದನೋ; ಚರಿತ್ರೆ ಬರೆದವರು ಮುಖ್ಯವಾದ ಆ ವಿಷಯವನ್ನೇ ಬಿಟ್ಟುಬಿಟ್ಟಿದ್ದಾರೆ.

ತಾರಸಿಯ ಮೇಲೆ ಎರಡು ಬೆರಳೆತ್ತರದ ಬದು ಕಟ್ಟಿ, ಚೌಕ ಚೌಕ ಪಾತಿ ಮಾಡಿ ನೀರು ನಿಲ್ಲಿಸಿದರು. ಬೆಳಗ್ಗೆ ಆರಕ್ಕೆ ಕುವೆಂಪುನಗರದ ಬಾಡಿಗೆ ಮನೆಯಿಂದ ಸ್ಕೂಟರಿನಲ್ಲಿ ಹೊರಟು, ಸಂಪಿನ ಮೋಟರ್ ಹಾಕಿ, ಏಣಿ ಹತ್ತಿ, ಪೈಪು ಹಿಡಿದು ಪಾತಿಯಿಂದ ಪಾತಿಗೆ ನೀರು ಬಿಡುವುದು. ಸಂಜೆ ಕಚೇರಿ ಮುಗಿಸಿ ಮತ್ತೆ ಅದೇ. ನಾಲ್ಕು ದಿನದಲ್ಲಿ ಬಲಗಾಲಿನ ಬೆರಳಸಂದಿ ಕೆಸರುಹುಣ್ಣಾಯಿತು. ಡಾಕ್ಟರು ‘ಗದ್ದೆ ಕೆಲಸವೇ?’ ಎಂದು ಕೇಳಿದರು. ‘ಮಹಡಿಯ ಮೇಲೆ’ ಎಂದೆ. ಅವರು ಮುಂದೆ ಏನೂ ಕೇಳದೆ ಮುಲಾಮು ಬರೆದರು.

ಪಕ್ಕದ ಮನೆಯಲ್ಲಿ ನಿವೃತ್ತ ಹೆಡ್‌ಮಾಸ್ತರು ಇದ್ದಾರೆ. ಅವರ ಬಾಲ್ಕನಿಯಿಂದ ನಮ್ಮ ತಾರಸಿ ಅಂಗೈಯಂತೆ ಕಾಣುತ್ತದೆ. ನಿವೃತ್ತರಾದ ಮೇಲೆ ಅವರಿಗೆ ಸಿಕ್ಕ ಮೊದಲ ವಿದ್ಯಾರ್ಥಿ ನಾನು. ‘ಇವತ್ತು ಈಶಾನ್ಯದ ಪಾತಿಗೆ ನೀರು ಸಾಲಲಿಲ್ಲ’ ಎಂದು ಕಾಫಿ ಲೋಟ ಹಿಡಿದು ಹೇಳುತ್ತಿದ್ದರು. ‘ನಿನ್ನೆ ಹತ್ತು ನಿಮಿಷ ತಡ’ ಎಂಬ ಹಾಜರಿಯೂ ಇರುತ್ತಿತ್ತು.

ಎರಡನೆಯ ಸಿನಿಮಾ ಹೆಂಡತಿಯ ಯೋಜನೆ. ‘ನಿಮ್ಮ ಮೈಯಿಂದ ಸಿಮೆಂಟಿನ ವಾಸನೆ ಬರುತ್ತಿದೆ, ಒಂದು ದಿನವಾದರೂ ಮನುಷ್ಯರ ಹಾಗೆ ಎಲ್ಲಿಗಾದರೂ ಹೋಗೋಣ’ ಎಂದಳು. ಮದುವೆಯಾದ ಹೊಸದರಲ್ಲಿ ನಾವು ಹೋಗುತ್ತಿದ್ದುದು ಶಾಂತಲಾ ಚಿತ್ರಮಂದಿರಕ್ಕೆ. ಅದು 2020ರಲ್ಲಿ, ಕೊರೊನಾ ಕಾಲದಲ್ಲಿ ಬಾಗಿಲು ಹಾಕಿತು. ಈಗ ಮಾಲ್ ಒಳಗಿನ ಮಲ್ಟಿಪ್ಲೆಕ್ಸೇ ಗತಿ. ಸಿನಿಮಾದಲ್ಲಿ ಕೊಲೆಯಾಗಿ, ಮನೆಮಂದಿಯೆಲ್ಲ ಅನುಮಾನದ ಪಟ್ಟಿಯಲ್ಲಿ ನಿಂತು, ಮಧ್ಯಂತರ ಬಂತು. ಪಾಪ್‌ಕಾರ್ನಿಗೆ ಸಾಲಿನಲ್ಲಿ ನಿಂತೆ. ಬೆಲೆ ಕೇಳಿದಾಗ ಮನಸ್ಸು ತಾನಾಗಿ ಸಿಮೆಂಟಿನ ಲೆಕ್ಕಕ್ಕೆ ಹೋಯಿತು. ಆ ತಿಂಗಳು ಏನು ಕೊಂಡರೂ ನನಗೆ ಚೀಲದ ಲೆಕ್ಕವೇ. ಒಂದು ಡಬ್ಬ ಪಾಪ್‌ಕಾರ್ನ್, ಎರಡು ಕಾಫಿ: ಒಂದು ಚೀಲ ಸಿಮೆಂಟಿಗೆ ತುಸು ಹೆಚ್ಚೇ ಆಯಿತು. ಡಬ್ಬ ಕೈಗೆ ಬಂತು, ಜೇಬಿನಲ್ಲಿ ಮೊಬೈಲು ನಡುಗಿತು.

‘ಸಾರ್, ಮರಳು ಬಂದಿದೆ’ ಎಂದ ಟಿಪ್ಪರ್ ಚಾಲಕ. ಪ್ಲಾಸ್ಟರಿನ ಮರಳು ಅದು. ಹತ್ತು ದಿನದಿಂದ ಬೇಡಿಕೊಂಡರೂ ಬಾರದ್ದು.

‘ನಾಳೆ ತನ್ನಿ’ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ.

‘ತಂದು ಆಗಿದೆ ಸಾರ್. ಎಲ್ಲಿ ಸುರಿಯಲಿ? ಯಾವುದೋ ಮನೆಯ ಗೇಟಿನ ಮುಂದೆ ಜಾಗ ಚೆನ್ನಾಗಿದೆ.’

ಆ ಚೆನ್ನಾದ ಜಾಗ ಹೆಡ್‌ಮಾಸ್ತರರದು. ಸುರಿಯಬೇಡಿ, ಸುರಿಯಬೇಡಿ ಎಂದು ನಾನು ಮಾಲಿನ ಎಸ್ಕಲೇಟರಿನಲ್ಲಿ ಕೂಗುತ್ತಾ ಇಳಿದೆ. ಎದುರು ಹತ್ತುತ್ತಿದ್ದ ಒಬ್ಬರು ಕೈಯಲ್ಲಿದ್ದ ಐಸ್‌ಕ್ರೀಮನ್ನು ಗಾಬರಿಯಿಂದ ನೇರ ಮಾಡಿಕೊಂಡರು. ನಾವು ಹೋಗಿ ತಲುಪುವಷ್ಟರಲ್ಲಿ ಗುಡ್ಡೆ ಬಿದ್ದಾಗಿತ್ತು. ಗುಡ್ಡೆಯ ಆ ಕಡೆ ಗೇಟು, ಗೇಟಿನ ಆ ಕಡೆ ಹೆಡ್‌ಮಾಸ್ತರರ ಕಾರು, ಕಾರಿನ ಪಕ್ಕದಲ್ಲಿ ಹೆಡ್‌ಮಾಸ್ತರು. ಬೆಳಗ್ಗೆ ಐದಕ್ಕೆ ಅವರು ನಂಜನಗೂಡಿಗೆ ಹೋಗಬೇಕಿತ್ತಂತೆ. ರಾತ್ರಿ ಹನ್ನೊಂದೂವರೆಯವರೆಗೆ ನಾನು, ಹೆಂಡತಿ, ಟಿಪ್ಪರಿನ ಚಾಲಕ ಮೂವರೂ ಸೇರಿ ಕಾರು ಹೋಗುವಷ್ಟು ದಾರಿ ಬಿಡಿಸಿದೆವು. ಚಾಲಕ ಒಳ್ಳೆಯವನು. ಕೊನೆಗೆ ಗುಡ್ಡೆಯ ಮೇಲೆ ಕೂತು ಮೂವರೂ ಪಾಪ್‌ಕಾರ್ನ್ ತಿಂದೆವು. ‘ಕೊಲೆ ಮಾಡಿದ್ದು ಅತ್ತಿಗೆಯೇ ಇರಬೇಕು’ ಎಂದಳು ಹೆಂಡತಿ. ಕಥೆ ಕೇಳಿಕೊಂಡ ಚಾಲಕ ‘ಇಲ್ಲ ಅಕ್ಕಾ, ಮನೆ ಕಟ್ಟಿಸಿದ ಕಂಟ್ರಾಕ್ಟರನ್ನು ನೋಡಿ’ ಎಂದ. ಅಂಥ ಪಾತ್ರವೇ ಆ ಸಿನಿಮಾದಲ್ಲಿ ಇರಲಿಲ್ಲ. ಆದರೂ ಅವನ ಮಾತಿನಲ್ಲಿ ಏನೋ ಇದೆ ಎಂದು ನನಗೆ ಅನ್ನಿಸಿತು.

ಹತ್ತನೆಯ ದಿನ ಸಾಗರದಲ್ಲಿ ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆ. ಹೋಗದಿದ್ದರೆ ಅಳಿಯನಿಗೆ ಸೊಕ್ಕು ಎನ್ನುತ್ತಾರೆ. ಹೋದರೆ ತಾರಸಿಗೆ ಬಾಯಾರಿಕೆ. ನೀರು ಹಾಕಲು ಬಡಾವಣೆಯ ಕಾವಲಿನ ಹುಡುಗನೊಬ್ಬನನ್ನು ಗೊತ್ತು ಮಾಡಿ, ದಿನಕ್ಕೆ ಇನ್ನೂರು ರೂಪಾಯಿ ಎಂದು ಮಾತಾಯಿತು. ನಂಬಿಕೆಗೆ ನಂಬಿಕೆ, ಪುರಾವೆಗೆ ಪುರಾವೆ ಎಂದು ಪ್ರತಿದಿನ ನೀರು ನಿಂತ ಪಾತಿಗಳ ಫೋಟೊ ಕಳಿಸಬೇಕೆಂದೂ ಹೇಳಿದೆ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಮದುವೆ ಮಲೆನಾಡಿನ ರೀತಿಯದು. ಗುಡಿಗಾರರು ಮಾಡಿದ ಬೇಂಡಿನ ಬಾಸಿಂಗ, ಬಾಳೆಲೆಯ ತುದಿಯಿಂದ ತುದಿಗೆ ಬಡಿಸಿದ ಊಟ, ಮಾವಿನಹಣ್ಣಿನ ಸಾಸಿವೆ. ಕೊನೆಗೆ ಲೋಟದಲ್ಲಿ ಅಪ್ಪೆಹುಳಿ. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆಂದು ಆ ಕಡೆಯವರು ಹೇಳುವುದುಂಟು. ನಾನು ಮೂರು ಲೋಟ ಕುಡಿದೆ. ಅಡಿಕೆ ತೋಟದ ಗಾಳಿ, ಜಗುಲಿಯ ತಂಪು ನೆಲ. ಎಚ್ಚರವಾದಾಗ ದೀಪ ಹಚ್ಚಿದ್ದರು, ಮದುಮಗಳನ್ನು ಕಳಿಸಿಕೊಟ್ಟು ಆಗಿತ್ತು. ಮದುವೆಮನೆಯ ಫೋಟೊಗಳಲ್ಲಿ ನಾನು ಒಂದರಲ್ಲಿ ಮಾತ್ರ ಇದ್ದೇನೆ, ಹಿನ್ನೆಲೆಯಲ್ಲಿ, ಕಾಲು ಕಾಣುತ್ತದೆ.

ಫೋಟೊ ಎಂದಾಗ ನೆನಪಾಯಿತು. ಕಾವಲಿನ ಹುಡುಗ ದಿನವೂ ತಪ್ಪದೆ ಕಳಿಸುತ್ತಿದ್ದ. ಮೊದಲ ದಿನದ್ದರಲ್ಲಿ ಪಾತಿ ತುಂಬಾ ನೀರು, ಬದುವಿನ ಮೇಲೊಂದು ಕಾಗೆ. ಚಂದ ಕಂಡಿತು. ಎರಡನೆಯ ದಿನವೂ ನೀರು, ಕಾಗೆ. ಪಾಪ, ಬಾಯಾರಿ ಬಂದಿದೆ ಎಂದುಕೊಂಡೆ. ಮೂರನೆಯ ದಿನವೂ ಕಾಗೆ ಬಂದಾಗ ಮಾವನವರು ಕನ್ನಡಕ ಹಾಕಿಕೊಂಡು ಮೊಬೈಲನ್ನು ಹತ್ತಿರಕ್ಕೆ ಹಿಡಿದರು. ‘ಮೂರು ದಿನವೂ ಈ ಕಾಗೆ ಎಡಗಾಲನ್ನೇ ಎತ್ತಿ ನಿಂತಿದೆಯಲ್ಲ’ ಎಂದರು. ನಾವು ಮೂರೂ ಫೋಟೊಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆವು. ಅದೇ ಕಾಗೆ, ಅದೇ ಕಾಲು, ನೀರಿನಲ್ಲಿ ಅದೇ ಮೋಡ. ಹುಡುಗನಿಗೆ ಕರೆ ಮಾಡಿದೆ. ‘ದಿನವೂ ಬರುತ್ತದೆ ಸಾರ್’ ಎಂದ. ಎರಡು ಕ್ಷಣ ಬಿಟ್ಟು, ‘ಪಳಗಿದೆ’ ಎಂದು ಸೇರಿಸಿದ.

ಮರುದಿನ ಬೆಳಗ್ಗೆಯೇ ಹೊರಡುವುದೆಂದು ತೀರ್ಮಾನವಾಯಿತು. ಹೊರಡುವಾಗ ಮಾವನವರು ಹಟ್ಟಿಯ ಪಕ್ಕದಿಂದ ಪಂಚೆ ಸುತ್ತಿದ ಆಳೆತ್ತರದ ವಸ್ತುವೊಂದನ್ನು ಇಬ್ಬರಿಂದ ಹೊರಿಸಿಕೊಂಡು ಬಂದರು. ದೇವರ ಮನೆಯ ಬಾಗಿಲು. ತಮ್ಮದೇ ಹಿತ್ತಿಲಿನ ಹಲಸಿನ ಮರ, ಸಾಗರದ ಗುಡಿಗಾರರ ಕೈಕೆಲಸ. ಮೇಲ್ಭಾಗದಲ್ಲಿ ಗಜಲಕ್ಷ್ಮಿ, ಕೆಳಗೆ ಗಂಟೆ ಕಟ್ಟಲು ಸಾಲು ತೂತು. ನಿಜಕ್ಕೂ ಸೊಗಸಾದ ಬಾಗಿಲು. ಆನೆಗಳ ಸೊಂಡಿಲಿನ ಸುಕ್ಕುಗಳನ್ನು ಕೂಡ ಉಗುರಿನ ಮೊನೆಯಷ್ಟು ಸಣ್ಣ ಉಳಿಯಿಂದ ಎಣಿಸಿ ಎಣಿಸಿ ಬಿಡಿಸಿದ್ದರು. ಬೆರಳಾಡಿಸಿದರೆ ಗೊತ್ತಾಗುತ್ತಿತ್ತು. ಇದನ್ನು ಒಪ್ಪಿಸಿ, ಹಾಗೆಯೇ ಮನೆಯನ್ನೂ ನೋಡಿ ಬರುತ್ತೇನೆಂದು ಅತ್ತೆಯವರೂ ಹೊರಟರು.

ಕೆಂಪು ಬಸ್ಸು ಬಂತು. ಬಾಗಿಲನ್ನು ಚಾಲಕರ ಹಿಂದಿನ ಅಡ್ಡಕಂಬಿಗೆ ಒರಗಿಸಿ ನಿಲ್ಲಿಸಿದೆವು. ನಿರ್ವಾಹಕರು ಬಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಶೂನ್ಯ ದರದ ಚೀಟಿ ತಾನೇ? ಹೆಂಡತಿ ಆಧಾರ್ ತೋರಿಸಿದಳು, ಸೊನ್ನೆ. ಅತ್ತೆಯವರು ತೋರಿಸಿದರು, ಸೊನ್ನೆ. ನಿರ್ವಾಹಕರು ಬಾಗಿಲಿನ ಮುಂದೆ ನಿಂತರು.

‘ಇದು ಯಾರದ್ದು?’

‘ನನ್ನದು.’

‘ಲಗೇಜಿನ ಚೀಟಿ ಆಗುತ್ತದೆ.’

‘ಲಕ್ಷ್ಮಿ ಇದ್ದಾಳಲ್ಲ ಅದರಲ್ಲಿ, ಹೆಂಗಸಲ್ಲವೇ?’ ಎಂದು ಹಿಂದಿನ ಸೀಟಿನಿಂದ ಯಾರೋ ವಾದ ಹೂಡಿದರು.

ನಿರ್ವಾಹಕರು ಪಂಚೆ ಸರಿಸಿ ಗಜಲಕ್ಷ್ಮಿಯನ್ನು ನೋಡಿ, ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ‘ಆಧಾರ್ ಇದೆಯೇ?’ ಎಂದರು. ಹಾಗಾಗಿ ನಮ್ಮ ಸಂಸಾರದಲ್ಲಿ ಅಂದು ಹಣ ಕೊಟ್ಟು ಪ್ರಯಾಣ ಮಾಡಿದವರು ಇಬ್ಬರೇ: ನಾನು ಮತ್ತು ಬಾಗಿಲು.

ಸರಿಸಿದ ಪಂಚೆಯನ್ನು ಯಾರೂ ಮತ್ತೆ ಹೊದಿಸಲಿಲ್ಲ. ಶಿವಮೊಗ್ಗದಲ್ಲಿ ಹತ್ತಿದ ಒಬ್ಬ ಅಜ್ಜಿ ಬಾಗಿಲಿಗೆ ನಮಸ್ಕರಿಸಿ ಕೂತರು. ಅಜ್ಜಿಯನ್ನು ನೋಡಿ ಹಿಂದಿನವರು, ಅವರನ್ನು ನೋಡಿ ಅವರ ಹಿಂದಿನವರು. ಭದ್ರಾವತಿಯಲ್ಲಿ ಯಾರೋ ಆನೆಯ ಕಾಲಿನ ಸಂದಿಗೆ ನಾಣ್ಯ ಸಿಕ್ಕಿಸಿದರು. ತರೀಕೆರೆಯ ಹೊತ್ತಿಗೆ ಮಲ್ಲಿಗೆ ಹೂವೂ ಬಿತ್ತು. ಅತ್ತೆಯವರು ಸಂಕೋಚದಿಂದ, ಆದರೆ ಸಂತೋಷದಿಂದ, ಎಲ್ಲರಿಗೂ ಮದುವೆಮನೆಯ ಲಾಡು ಹಂಚಿದರು. ಕಡೂರಿನಲ್ಲಿ ನಾನು ಎಣಿಸಿದೆ, ಹನ್ನೆರಡು ರೂಪಾಯಿ ಕಾಣಿಕೆ. ಲಗೇಜಿನ ಚೀಟಿಯ ದುಡ್ಡು ಹುಟ್ಟಲು ಬಸ್ಸು ಕನ್ಯಾಕುಮಾರಿಗೆ ಹೋಗಬೇಕಿತ್ತು.

ಮೂರನೆಯ ಸಿನಿಮಾ ಈ ಬಸ್ಸಿನಲ್ಲೇ. ನನ್ನ ಪಕ್ಕ ಕೂತ ಯುವಕ ಕಿವಿಗೆ ಏನೂ ಹಾಕಿಕೊಳ್ಳದೆ ಮೊಬೈಲಿನಲ್ಲಿ ಸಿನಿಮಾ ಹಚ್ಚಿದ. ಮೊದಲ ಹತ್ತು ನಿಮಿಷ ಇದೆಂಥ ಅನಾಗರಿಕತೆ ಎಂದು ಒಳಗೇ ಕುದಿದೆ. ಹನ್ನೊಂದನೆಯ ನಿಮಿಷಕ್ಕೆ ಕಥೆ ಹಿಡಿಯಿತು. ಅಪ್ಪ ಮಗ ಮಾತು ಬಿಟ್ಟಿದ್ದಾರೆ, ಹೊಲ ಹರಾಜಿಗೆ ಬಂದಿದೆ. ಬೀರೂರಿನಲ್ಲಿ ನಾನು ಅವನ ಕಡೆಗೆ ಸ್ವಲ್ಪ ವಾಲಿದ್ದೆ, ಕಡೂರು ದಾಟಿದ ಮೇಲೆ ಪೂರ್ತಿ ವಾಲಿದ್ದೆ. ‘ಸ್ವಲ್ಪ ಜೋರು ಮಾಡಿ’ ಎಂದೂ ಕೇಳಿದೆ. ಹರಾಜಿನ ಕಟ್ಟೆಗೆ ಅಪ್ಪ ಬಂದು ನಿಂತ, ಮಗ ಆ ಕಡೆಯಿಂದ ಓಡಿ ಬರುತ್ತಿದ್ದ. ‘ಅರಸೀಕೆರೆ ಇಳಿಯಿರಿ’ ಎಂದರು ನಿರ್ವಾಹಕರು. ಯುವಕ ಎದ್ದುನಿಂತ. ನಾನು ತಡೆಯಲಾರದೆ ‘ಇಲ್ಲೇ ಇಳಿಯಲೇಬೇಕೇ?’ ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿ, ಬಾಗಿಲಿಗೆ ಕೈಮುಗಿದು ಇಳಿದುಹೋದ. ಸಿನಿಮಾದ ಹೆಸರು ಕೇಳುವುದೂ ಮರೆತೆ.

ಮನೆಗೆ ಬಂದು ನೋಡಿದರೆ ತಾರಸಿಯ ಒಂದು ಮೂಲೆಯಲ್ಲಿ ಕೂದಲೆಳೆಯಂಥ ಎರಡು ಗೆರೆ. ಮೇಸ್ತ್ರಿ ಉಗುರಿನಲ್ಲಿ ಕೆರೆದು, ‘ಇದು ಬಿರುಕಲ್ಲ ಸಾರ್, ಗೆರೆ’ ಎಂದರು. ಮುಂದಿನ ಮಾತನ್ನು ನಾನೇ ಹೇಳಿದೆ: ‘ಪ್ಲಾಸ್ಟರಿನಲ್ಲಿ ಸರಿಹೋಗುತ್ತದೆ.’ ಅವರಿಗೆ ಸ್ವಲ್ಪ ಬೇಸರವಾದಂತೆ ಕಂಡಿತು.

ಬಾಗಿಲು ಮಾತ್ರ ಪ್ಲಾಸ್ಟರಿಗೂ ಮೀರಿದ್ದು. ದೇವರ ಮನೆಗೆ ಬಿಟ್ಟ ಜಾಗ ಎರಡೂ ಮುಕ್ಕಾಲು ಅಡಿ, ಬಾಗಿಲು ಮೂರಡಿ. ನಾನು ಕಳಿಸಿದ ಅಳತೆ ಮಾವನವರ ಲೆಕ್ಕದಲ್ಲಿ ವಾಸ್ತುವಿನ ಆಯಕ್ಕೆ ಸರಿಬರಲಿಲ್ಲವಂತೆ. ಶುಭವೆನ್ನುವ ಧ್ವಜಾಯ ಬರಲೆಂದು ಮೂರು ಅಂಗುಲ ಹೆಚ್ಚಿಸಿದ್ದರು. ಗೋಡೆಗೆ ಯಾರೂ ಹೇಳಿರಲಿಲ್ಲ. ಮೇಸ್ತ್ರಿ ಬಾಗಿಲನ್ನು ಅಡ್ಡಲಾಗಿ ನೋಡಿದರು, ಉದ್ದಕ್ಕೆ ನೋಡಿದರು, ‘ಬಾಗಿಲು ಕೊಯ್ಯೋಣವೇ?’ ಎಂದರು. ಅತ್ತೆಯವರು ಅವರ ಕಡೆ ಒಂದು ಸಲ ನೋಡಿದರು. ‘ಗೋಡೆ ಒಡೆದರಾಯಿತು ಬಿಡಿ’ ಎಂದು ಅವರೇ ತಿದ್ದಿಕೊಂಡರು. ಯಾವಾಗ ಎಂದು ನಾನು ಕೇಳಲಿಲ್ಲ.

ಅತ್ತೆಯವರಿಗೆ ಮನೆ ಹಿಡಿಸಿತು. ಏಣಿ ಬೇಡವೆಂದರೂ ಸೆರಗು ಸಿಕ್ಕಿಸಿಕೊಂಡು ತಾರಸಿಗೆ ಹತ್ತಿದರು. ಬದು, ಪಾತಿ, ನಿಂತ ನೀರು, ದೂರದಲ್ಲಿ ಚಾಮುಂಡಿ ಬೆಟ್ಟ. ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಗದ್ದೆಯ ಊರಿನವರು, ಕಣ್ಣು ತುಂಬಿ ಬಂದಿರಬೇಕೆಂದುಕೊಂಡೆ.

‘ಅಳಿಯಂದಿರೇ, ಇಷ್ಟು ನೀರು ಸುಮ್ಮನೆ ನಿಲ್ಲಿಸಿದ್ದೀರಿ. ಒಂದು ಸೇರು ಭತ್ತ ಚೆಲ್ಲಿದ್ದರೆ ಸಸಿಯಾದರೂ ಎದ್ದಿರುತ್ತಿತ್ತು.’

ಆಚೆಯ ಬಾಲ್ಕನಿಯಿಂದ ಹೆಡ್‌ಮಾಸ್ತರು ‘ಸರಿಯಾಗಿ ಹೇಳಿದಿರಿ ತಾಯಿ’ ಎಂದರು.

ಹತ್ತೊಂಬತ್ತನೆಯ ದಿನ, ಗುರುವಾರ. ಬೆಳಗ್ಗೆ ಮೇಸ್ತ್ರಿಯ ಕರೆ. ಊರಲ್ಲಿ ದೊಡ್ಡಪ್ಪ ತೀರಿಕೊಂಡಿದ್ದಾರೆ, ಇವತ್ತು ಕೆಲಸವಿಲ್ಲ ಎಂದರು. ಧ್ವನಿ ಗದ್ಗದವಾಗಿತ್ತು. ಮಾರ್ಚಿನಲ್ಲಿ ಒಬ್ಬ ದೊಡ್ಡಪ್ಪ ತೀರಿಕೊಂಡದ್ದು ನನಗೆ ನೆನಪಿತ್ತು. ಆದರೆ ಮನುಷ್ಯನಿಗೆ ಎಷ್ಟು ದೊಡ್ಡಪ್ಪಂದಿರು ಇರಬೇಕೆಂದು 30x40 ನಿವೇಶನದವನು ನಿಗದಿ ಮಾಡಲಾಗುವುದಿಲ್ಲ. ಸಮಾಧಾನ ಹೇಳಿದೆ. ‘ನಾನೂ ಇವತ್ತು ಬ್ಯಾಂಕಿಗೆ ಹೋಗಬೇಕು, ಸಾಲದ ಕಾಗದ ಇದೆ’ ಎಂದೂ ಹೇಳಿದೆ. ಕಚೇರಿಗೂ ಅದನ್ನೇ ಹೇಳಿ ಅರ್ಧ ದಿನದ ರಜೆ ಪಡೆದೆ. ಅತ್ತೆಯವರಿಗೆ, ನೀರು ಹಾಕಲು ಹೋಗುತ್ತೇನೆಂದೆ. ಅದು ಪೂರ್ತಿ ಸುಳ್ಳಲ್ಲ. ದಾರಿಯಲ್ಲಿ ಸೈಟಿಗೆ ಹೋಗಿ, ಮೋಟರ್ ಹಾಕಿ, ಪೈಪನ್ನು ಪಾತಿಯಲ್ಲಿ ಇಟ್ಟು, ಸೀದಾ ಮಧ್ಯಾಹ್ನದ ಆಟಕ್ಕೆ ನಡೆದೆ. ಮೋಟರ್ ಹಾಕಿದ್ದು ಹೇಳಿದೆ. ಆರಿಸಿದ್ದು ಹೇಳಲಿಲ್ಲ ಎಂಬುದನ್ನು ಗಮನಿಸಿ.

ಹಳೆಯ ಕಾಲದ ಒಂಟಿ ಪರದೆಯ ಚಿತ್ರಮಂದಿರ. ಸಾಲದ ಕಂತು ಶುರುವಾದ ಮೇಲೆ ನಾನು ಬಾಲ್ಕನಿ ಬಿಟ್ಟು ಕೆಳಗಿನ ಟಿಕೆಟ್ ತೆಗೆದುಕೊಳ್ಳುವುದನ್ನು ರೂಢಿಸಿಕೊಂಡಿದ್ದೇನೆ. ಗಾಂಧಿ ಕ್ಲಾಸಿನ ಶಿಳ್ಳೆಗಳ ಹಿಂದೆ, ಸ್ಪ್ರಿಂಗ್ ಕಿತ್ತ ಕುರ್ಚಿಯಲ್ಲಿ ಓರೆಯಾಗಿ ಕೂತು ನೋಡಿದೆ. ಸಿನಿಮಾ ಬಹಳ ಚೆನ್ನಾಗಿತ್ತು. ಊರಿನ ಹಳೆಯ ಬಾವಿಯಲ್ಲಿ ಏನೋ ಇದೆ, ಏನೆಂದು ಅಜ್ಜಿಗೆ ಮಾತ್ರ ಗೊತ್ತು, ಅಜ್ಜಿ ಮಾತಾಡುವುದಿಲ್ಲ. ಮಧ್ಯಂತರದಲ್ಲಿ ಕಡಲೆಕಾಯಿ ಕೊಳ್ಳಲು ಹೊರಗೆ ಬಂದೆ. ಬಾಲ್ಕನಿಯ ಮೆಟ್ಟಿಲಿನಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಂಡತಿ ಮಕ್ಕಳೊಂದಿಗೆ ಮೇಸ್ತ್ರಿ ಇಳಿದು ಬಂದರು.

ಇಬ್ಬರೂ ನಿಂತೆವು. ತೂಕದ ಗುಂಡು ಬಿಟ್ಟು ನೋಡುವಾಗಿನಂತೆ ಅವರ ಒಂದು ಕಣ್ಣು ತಾನಾಗಿ ಸಣ್ಣಗಾಯಿತು.

‘ಬ್ಯಾಂಕಿನ ಕೆಲಸ ಆಯಿತೇ ಸಾರ್?’

‘ಆಗುತ್ತಿದೆ. ದೊಡ್ಡಪ್ಪನವರ...’

‘ಆಗುತ್ತಿದೆ ಸಾರ್.’

ಅವರ ಕಿರಿಯ ಮಗಳು ನನ್ನ ಕೈಯ ಕಡಲೆಕಾಯಿ ಪೊಟ್ಟಣವನ್ನು ನೋಡುತ್ತಿದ್ದಳು, ಕೊಟ್ಟೆ. ಮೇಸ್ತ್ರಿ ಎಲ್ಲರಿಗೂ ಟೀ ಹೇಳಿದರು, ನನಗೆ ದುಡ್ಡು ಕೊಡಲು ಬಿಡಲಿಲ್ಲ. ‘ಕೆಳಗೆ ಯಾಕೆ ಕೂತಿರಿ ಸಾರ್, ಅಲ್ಲಿ ಸ್ಪೀಕರ್ ಸರಿಯಿಲ್ಲ’ ಎಂದರು. ಅದಕ್ಕೆ ನನ್ನ ಬಳಿ ಉತ್ತರವಿತ್ತು. ಹೇಳಲಿಲ್ಲ.

ಬೆಲ್ಲು ಹೊಡೆಯಿತು. ಅಜ್ಜಿ ಬಾಯಿ ಬಿಡುವ ಲಕ್ಷಣ ಕಂಡಿತು. ಹೆಡ್‌ಮಾಸ್ತರರ ಕರೆ ಬಂತು.

‘ನಿಮ್ಮ ತಾರಸಿಯಿಂದ ಜಲಪಾತ. ನಮ್ಮ ತುಳಸಿಕಟ್ಟೆ ದ್ವೀಪವಾಗಿದೆ. ಮೋಟರ್ ಯಾರು ಆರಿಸಬೇಕು, ನಾನೋ?’

ಸ್ಕೂಟರಿನಲ್ಲಿ ಹೇಗೆ ಹೋದೆನೋ. ಟ್ಯಾಂಕರಿನಲ್ಲಿ ಹಿಂದಿನ ದಿನ ತರಿಸಿದ್ದ ಸಂಪಿನ ನೀರೆಲ್ಲ ತಾರಸಿಗೆ ಹತ್ತಿ, ಬದು ಒಡೆದು, ಹೆಡ್‌ಮಾಸ್ತರರ ಅಂಗಳದ ಮೂಲಕ ಪ್ಲಾಸ್ಟರಿನ ಮರಳಿನ ಗುಡ್ಡೆಯನ್ನು ಅರ್ಧ ಕೊಚ್ಚಿಕೊಂಡು ಚರಂಡಿ ಸೇರುತ್ತಿತ್ತು. ನೀರು ಪೂರ್ತಿ ಖಾಲಿಯಾಗಿ ಮೋಟರ್ ಬೇರೆ ಹಾಡತೊಡಗಿತ್ತು. ಆರಿಸಿ, ಅವರ ಅಂಗಳ ಗುಡಿಸಿ, ತುಳಸಿಗೆ ಹೊಸ ಮಣ್ಣು ಹಾಕಿ ಮನೆಗೆ ಹೋದಾಗ ತೊಡೆಯವರೆಗೆ ಒದ್ದೆಯಾಗಿದ್ದೆ. ಅತ್ತೆಯವರು ಬಾಗಿಲು ತೆಗೆದು, ‘ಅಯ್ಯೋ, ನೀರು ಹಾಕಿ ಹಾಕಿ ಅಳಿಯಂದಿರು ಎಷ್ಟು ಸೊರಗಿದ್ದಾರೆ’ ಎಂದು ಶುಂಠಿ ಕಷಾಯ ಮಾಡಿಕೊಟ್ಟರು. ಆಗಷ್ಟೇ ಕಚೇರಿಯಿಂದ ಬಂದಿದ್ದ ಹೆಂಡತಿ ನನ್ನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಗುಲಾಬಿ ಚೀಟಿಯ ಅರ್ಧವನ್ನು ನೋಡಿದಳು. ಏನೂ ಹೇಳಲಿಲ್ಲ. ಎರಡು ದಿನ ಏನೂ ಹೇಳಲಿಲ್ಲ.

ಮರುದಿನ ಬೆಳಗ್ಗೆ ಮೇಸ್ತ್ರಿ ಹೇಳಿದ ಹೊತ್ತಿಗೆ ಬಂದರು. ಕೊಚ್ಚಿಹೋದ ಮರಳನ್ನು ನೋಡಿದರು, ಒಡೆದ ಬದುವನ್ನು ನೋಡಿದರು, ಒಂದು ಮಾತಾಡಲಿಲ್ಲ. ಕರಣೆ ಹಿಡಿದು ಕೂತು ಬದುವಿಗೆ ಗಾರೆ ಮೆತ್ತತೊಡಗಿದರು. ನಾನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅವರ ಬಾಂಡ್ಲಿಗೆ ನೀರು ಚಿಮುಕಿಸುತ್ತಾ, ಬಹಳ ಹೊತ್ತು ತಡೆದುಕೊಂಡೆ.

‘ಮೇಸ್ತ್ರಿ, ಬಾವಿಯಲ್ಲಿ ಏನಿತ್ತು?’

ಅವರು ಕರಣೆ ನಿಲ್ಲಿಸಿದರು.

‘ನನಗೂ ಗೊತ್ತಿಲ್ಲ ಸಾರ್. ನೀವು ಹೋಗಿ ಹತ್ತು ನಿಮಿಷಕ್ಕೆ ನನಗೂ ಕರೆ ಬಂತು. ಆ ಕಡೆ ಇನ್ನೊಬ್ಬರದು ಪಾಯದ ಕೆಲಸ ನಡೆಯುತ್ತಿದೆಯಲ್ಲ, ಅಲ್ಲಿ ಲೋಡು ಬಂದಿತ್ತು.’ ಮತ್ತೆ ಗಾರೆ ಮೆತ್ತಿದರು. ‘ನಮ್ಮ ಮನೆಯವಳು ಪೂರ್ತಿ ನೋಡಿದ್ದಾಳೆ. ಕೇಳಿಕೊಂಡು ಬಂದು ಹೇಳುತ್ತೇನೆ.’

‘ಯಾವಾಗ?’

‘ನಾಳೆ ಸಾರ್.’

ನಾಳೆ ಅವರು ಬರಲಿಲ್ಲ.